ಹಾಲಿನಕ್ಕನ ಕೂಗು

ಕ್ಯಾತನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಹಾಲಿನಕ್ಕ ಹಿತ್ತಲಲ್ಲಿ ನಿಂತು, ಎರಡೂ ಕೈ ಬಾಯಿಯ ಸುತ್ತ ಹಿಡಿದು ಒಮ್ಮೆ ಕೂಗಿದರೆ ಸಾಕು, ನಾಲೆಯಾಚೆ ಮೇಯುತ್ತಿದ್ದ ಎಮ್ಮೆಗಳೆಲ್ಲ ತಲೆಯೆತ್ತಿ ಮನೆಗೆ ಹೊರಡುತ್ತಿದ್ದವು.

ಕಾಡಿನಲ್ಲಿ ಬೆಳೆದು, ಬಿಳಲು ಹಿಡಿದು ಜೀಕುತ್ತಾ, ಕೂಗಿ ಪ್ರಾಣಿಗಳನ್ನು ಕರೆಯುವ ಆ ವೀರನ ಸಿನಿಮಾ ಪಾಂಡವಪುರಕ್ಕೆ ಬಂತೆಂದರೆ ಆಕೆ ಬಿಡುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ಕಪ್ಪು ಬಿಳುಪಿನವನನ್ನು ನೋಡಿದ್ದಳು. ಆಮೇಲೆ ಬಣ್ಣದವನು, ಹಿಂದಿಯವನು, ತೊಂಬತ್ತರ ದಶಕದಲ್ಲಿ ನಮ್ಮ ಮನೆ ಟೀವಿಯ ಕಾರ್ಟೂನಿನವನು. ಎಲ್ಲರಿಗೂ ಒಂದೇ ತೀರ್ಪು: "ಮೈಕಟ್ಟೇನೋ ಸರಿ ಕಣ್ಲಾ, ಕೂಗು ಸಾಲ್ದು."

ಒಂದು ಮ್ಯಾಟಿನಿಗೆ ನಾನೂ ಜೊತೆಗಿದ್ದೆ. ಬಂದೂಕು ಹಿಡಿದ ಬೇಟೆಗಾರರು ಅವನನ್ನು ಸುತ್ತುವರಿದಿದ್ದರು. ಆನೆಗಳನ್ನು ಕರೆಯಲು ಅವನು ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ಥಿಯೇಟರಿನ ಸೌಂಡು ಕೆಟ್ಟಿತು! ಬಾಯಿ ತೆರೆದಿದೆ, ಸದ್ದೇ ಇಲ್ಲ. ಜನ ಕುರ್ಚಿ ಬಡಿಯತೊಡಗಿದರು.

"ಲೇ, ಅವ್ನ ಸಾಯಿಸ್ಬುಡ್ತಾರೆ ಕಣ್ಲಾ!" ಎನ್ನುತ್ತಾ ಹಾಲಿನಕ್ಕ ಎದ್ದೇಬಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು. ಮೇಲಿನ ತಗಡೆಲ್ಲ ಅದುರಿತು.

ತೆರೆಯ ಮೇಲೆ ಕಾಡು ಸೀಳಿಕೊಂಡು ಆನೆಗಳ ಹಿಂಡು ಓಡೋಡಿ ಬಂತು. ಶಿಳ್ಳೆಯೋ ಶಿಳ್ಳೆ! ಏದುಸಿರು ಬಿಡುತ್ತಾ ಕೂತ ಅಕ್ಕ ನನ್ನ ಭುಜಕ್ಕೊಂದು ಗುದ್ದಿದಳು:

"ನೋಡ್ದೇನ್ಲಾ? ಕರಿಯೋ ಅಂಗೆ ಕರುದ್ರೆ ಬರ್ದೆ ಇದ್ದಾವಾ!"