ಎಡಗೈ ಕತ್ತಿ

"ಆ ಕಡೆ ಬೇಡಣ್ಣ, ಈ ಕಡೆ ಹಿಡಿ. ಇದು ಎಡಗೈ ಕತ್ತಿ."

ಗೂಡಲೂರು ಸಂತೆಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಸಾಣೆ ಹಿಡಿಯುವವನನ್ನು ತಡೆದರು. ಟೀ ಗಿಡದ ರೆಂಬೆ ಸವರಿ ಕವಾತು ಮಾಡುವ ಕತ್ತಿ, ಸವೆದು ಅರ್ಧವಾಗಿತ್ತು. ಅದಕ್ಕೆ ಒಂದೇ ಬದಿ ಸಾಣೆ. ಎಡಚರದ್ದಾದರೆ ಆ ಬದಿ ಅದಲುಬದಲು.

ಗಂಡ ಎಡಚರಂತೆ, ತೀರಿಕೊಂಡು ವರ್ಷವಾಯಿತಂತೆ. ಈಗ ಕವಾತು ಇವರದೇ.

"ಹಂಗಾದ್ರೆ ಬದಿ ತಿರುಗಿಸಿ ನಿಮ್ಮ ಬಲಗೈಗೆ ಮಾಡ್ಕೊಡ್ಲಾ ಅಕ್ಕ?"

"ಬೇಡ. ನಾನೇ ಎಡಗೈಲಿ ಕಲ್ತಿದೀನಿ."

ಆತ ಆಕೆ ತೋರಿಸಿದ ಬದಿಯನ್ನೇ ಕಲ್ಲಿಗೆ ಹಿಡಿದ.

ಮನೆಗೆ ಬಂದವಳು ಎಡಗೈಯಲ್ಲಿ ಈರುಳ್ಳಿ ಹೆಚ್ಚಲು ನೋಡಿದೆ. ಒಂದನ್ನೂ ಮುಗಿಸಲಾಗಲಿಲ್ಲ. ಆಕೆ ಹಾಗೆಯೇ ಇಡೀ ತೋಟ ಕವಾತು ಮಾಡುತ್ತಾರೆ.