ಒಲೆಯ ಮೇಲೆ ಲಾರಿಯ ಥರ್ಮೋಸ್ಟಾಟ್

ಮುದ್ದೆಗೆಂದು ಎಸರಿಟ್ಟಿದ್ದ ಪಾತ್ರೆಯೊಳಕ್ಕೆ ನನ್ನ ಗಂಡ ಎಣ್ಣೆ ಮೆತ್ತಿದ ಹಿತ್ತಾಳೆಯ ಬಿಲ್ಲೆಯೊಂದನ್ನು ಹಾಕಿಯೇಬಿಟ್ಟರು. ಸ್ನಾನ ಮಾಡಿ ವಿಭೂತಿ ಇಟ್ಟುಕೊಳ್ಳದೆ ಯಾರೂ ಒಲೆ ಮುಟ್ಟಕೂಡದ ಮನೆ ನಮ್ಮದು!

“ಅಯ್ಯೋ, ಇದೇನ್ರೀ ಇದು?” ಎಂದು ಕೂಗಿದೆ.

“ಲಾರೀದು ಥರ್ಮೋಸ್ಟಾಟು ಕಣೇ. ನೀರು ಕಾದ್ರೆ ಇದು ತೆರ್ಕೋಬೇಕು. ಇಲ್ದಿದ್ರೆ ಇಂಜಿನ್ನು ಬೆಂದೋಯ್ತದೆ,” ಎಂದರು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅವರು ಚನ್ನರಾಯಪಟ್ಟಣಕ್ಕೆ ತಂದ ಡೀಸೆಲ್ ಲಾರಿ ಅದು. ಹಿಂದಿನ ದಿನ ತೆಂಗಿನಕಾಯಿ ಹೇರಿಕೊಂಡು ಹೋಗಿ, ದಂಡಿಗನಹಳ್ಳಿಯ ಹತ್ತಿರ ನೀರು ಕುದ್ದು ನಿಂತಿತ್ತು. ಲಾರಿಯೆಂಬ ಸವತಿ ಕೆಟ್ಟು ನಿಂತಳೆಂದು ನನಗೆ ಒಳಗೊಳಗೇ ಖುಷಿ. ದಿನಾ ಬಾವಿಯಿಂದ ಸೇದಿದ ಮೊದಲ ಕೊಡ ಅದರ ರೇಡಿಯೇಟರಿಗೇ ಹೋಗಬೇಕು. ನನಗೆ ಜ್ವರ ಬಂದರೆ ಬಾಗಿಲಲ್ಲೇ ನಿಂತು “ಎಂಗದೆ?” ಅನ್ನುವವರು, ಅದರ ಬಾನೆಟ್ಟನ್ನು ಮಾತ್ರ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಈಗ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೌದೆ ತಳ್ಳಿ, ಊದುಗೊಳವೆಯಲ್ಲಿ ಊದಿ, ಹೊಗೆಗೆ ಕಣ್ಣೀರು ಸುರಿದರೂ ರೆಪ್ಪೆ ಮಿಟುಕಿಸದೆ ಆ ಬಿಲ್ಲೆಯನ್ನೇ ನೋಡಿದರು. ನೀರು ಮರಳಿತು. ಬಿಲ್ಲೆ ಮಿಸುಕಲಿಲ್ಲ. ಕೆಟ್ಟಿದ್ದು ಅದೇ ಎಂದು ಗೊತ್ತಾಗಿ, ಅದಿಲ್ಲದೆಯೇ ಲಾರಿ ಓಡಿಸಿದರು. ಚೆನ್ನಾಗಿಯೇ ಓಡಿತು, ಹಾಳಾದ್ದು!

ಪಾತ್ರೆಗೆ ಹತ್ತಿದ ಎಣ್ಣೆಯ ವಾಸನೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಹೋಯಿತು. ಲಾರಿಯನ್ನು ಮಾರಿಯೂ ಎಷ್ಟೋ ಕಾಲವಾಯಿತು. ಇಡೀ ಸಂಸಾರದಲ್ಲಿ ಅವರು ನನ್ನ ಒಲೆಯ ಮುಂದೆ ಬಂದು ಕೂತಿದ್ದು ಅದೊಂದೇ ಸಲ, ಅದೂ ಆ ಸವತಿಗಾಗಿ.