ಮಾವನ ಬಂದೂಕಿಗೆ ಚೆಂಡುಹೂ

ಬಂದೂಕಿನ ನಳಿಗೆಯ ಬಾಯಿಗೆ ಒಂದು ಚೆಂಡುಹೂ ಸಿಕ್ಕಿಸಿತ್ತು. ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಸೋದರಮಾವ ಕಳ್ಳರ ಭಯಕ್ಕೆಂದು ಅದನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ್ದರು. ಆಯುಧಪೂಜೆಗೆ ಇಳಿಸಿ, ತಕ್ಕಡಿಯ ಪಕ್ಕ ನೆಲದ ಮೇಲಿಟ್ಟಿದ್ದರು. ಅಂಬೆಗಾಲಿಡುವ ಮೊಮ್ಮಗ ಹೂ ಕಿತ್ತು ನಳಿಗೆಗೆ ಬಾಯಿಟ್ಟ. ಅತ್ತೆ ಚೀರಿ ಎತ್ತಿಕೊಂಡರು.

“ಗುಂಡು ಇಲ್ಲ ಬಿಡ, ಎಷ್ಟ್ ಹೆದರ್ತಿ!” ಎಂದು ನಕ್ಕ ಮಾವ, ತೋರಿಸಲೆಂದು ಬಂದೂಕನ್ನು ನಡುವೆ ಮಡಚಿ ತೆರೆದರು. ತುಂಬಿದ ತೋಟಾ ಒಂದು ಉರುಳಿ ಕುಂಕುಮದ ಬಟ್ಟಲಿಗೆ ಬಿತ್ತು.

“ಕಳ್ಳ ಇನ್ನೂ ಬಂದಿಲ್ರಿ, ಮೊಮ್ಮಗ ಬಂದಾನ,” ಎಂದರು ಅತ್ತೆ.

ಸಂಜೆಯೊಳಗೆ ಬಂದೂಕು ಪೆಟ್ಟಿಗೆ ಸೇರಿ, ಬೀಗ ಬಿತ್ತು. ಮರುದಿನ ಬೆಳಿಗ್ಗೆ ಆ ಖಾಲಿ ಗೂಟಕ್ಕೆ ನನ್ನ ಕೊಡೆ ತೂಗುಹಾಕಿದೆ. ಮಾವ ದೂರದಲ್ಲೇ ನಿಂತು, “ಇದರಾಗ ಗುಂಡು ಐತೇನವ್ವ?” ಎಂದರು. ನಾನು ನಗದೆ ಕೊಡೆ ಬಿಚ್ಚಿ ತೋರಿಸಿದೆ.